ಟೋಕಿಯೋದಲ್ಲಿ ಒಳ್ಳೆ ರೇಟಿಂಗ್ ಇರೋ ಗೌರ್ಮೆ ಬರ್ಗರ್ ಅಂಗಡಿ: ಹೋಗೋ ಮುಂಚೆ ಏನೇನು ಗೊತ್ತಿರಬೇಕು?

ಬನಶಂಕರಿ_ಬಸ್‌ಸ್ಟಾಪ್
ನವೆಂಬರ್ ಮೊದಲ ವಾರ ನಾಲ್ಕು ಜನ ಟೋಕಿಯೋಗೆ ಹೊರಟಿದ್ದೀವಿ, ಉಳ್ಕೊಳ್ಳೋದು ಅಸಾಕುಸಾ ಕಡೆ. ಸುಶಿ, ರಾಮೆನ್ ಬಗ್ಗೆ ಬೇಕಾದಷ್ಟು ಮಾಹಿತಿ ಸಿಕ್ತು. ಒಂದು ಹೊತ್ತಿನ ಊಟ ಅಲ್ಲಿನ ಗೌರ್ಮೆ ಬರ್ಗರ್‌ಗೆ ಅಂತ ಎತ್ತಿಟ್ಟಿದ್ದೀವಿ, ಅದರ ಬಗ್ಗೆ ಮಾತ್ರ ಕನ್ನಡದಲ್ಲಿ ಏನೂ ಸಿಗ್ತಿಲ್ಲ. ಗೊತ್ತಿರೋರು ದಯವಿಟ್ಟು ಹೇಳಿ.

ಒಂದೇ ಅಂಗಡಿಗೆ ಗೂಗಲ್ ಮ್ಯಾಪ್ಸ್‌ನಲ್ಲಿ 4.5, ಜಪಾನಿನ ಹೋಟೆಲ್ ರೇಟಿಂಗ್ ಸೈಟ್ ತಾಬೆಲಾಗ್‌ನಲ್ಲಿ 3.4. ಯಾವುದನ್ನ ನಂಬೋದು? ಮೊದಲೇ ಬುಕ್ ಮಾಡಬೇಕಾ? ‘ಎ5 ವಾಗ್ಯು ಬರ್ಗರ್’ (ಜಪಾನೀ ತಳಿಯ ದನದ, ಅತಿ ಮೇಲಿನ ದರ್ಜೆಯ ಮಾಂಸದ್ದು) ಅಂತ 4,000 ಯೆನ್ ಹಾಕಿರ್ತಾರಲ್ಲ, ಅದನ್ನ ತಗೋಬಹುದಾ? ಇನ್ನೊಂದು ಮುಖ್ಯ ವಿಷಯ: ನಾಲ್ವರಲ್ಲಿ ಒಬ್ರು ದನದ ಮಾಂಸ ಮುಟ್ಟಲ್ಲ, ಕೋಳಿ ಮೀನು ಆಗುತ್ತೆ. ಇನ್ನೊಬ್ರು ಪಕ್ಕಾ ಸಸ್ಯಾಹಾರಿ, ಮೊಟ್ಟೆನೂ ಇಲ್ಲ. ಎಲ್ರೂ ಒಂದೇ ಟೇಬಲ್‌ನಲ್ಲಿ ಕೂರೋಕಾಗುತ್ತಾ?

ಸೈತಾಮಾ_ಕನ್ನಡಿಗ
ಮೊದಲು ರೇಟಿಂಗ್ ವಿಷಯ. ತಾಬೆಲಾಗ್‌ನ 3.4 ನೋಡಿ ಹಿಂಜರೀಬೇಡಿ, ಅದು ಒಳ್ಳೆ ಅಂಕನೇ. ಅಲ್ಲಿ ಹೊಸ ಅಂಗಡಿ ಶುರುವಾಗೋದೇ 3.0ರ ಆಸುಪಾಸಿನಿಂದ. ಬಹುಪಾಲು ಅಂಗಡಿಗಳು 3.0ರಿಂದ 3.5ರ ಒಳಗೇ ಇರ್ತವೆ. 3.5 ದಾಟಿದ್ರೆ ದೂರದಿಂದ ಜನ ಹುಡುಕ್ಕೊಂಡು ಬರೋ ಅಂಗಡಿ ಅಂತ ಲೆಕ್ಕ. ಬರ್ಗರ್ ಅಂಗಡಿಗಳಲ್ಲಿ 3.7 ಬಂದ್ರೆ ದೇಶದ ಮುಂಚೂಣಿ. ಅದು ಬರೀ ಸರಾಸರಿ ಅಲ್ಲ, ತುಂಬಾ ಕಡೆ ತಿಂದು ಬರೆಯೋರ ಅಂಕಕ್ಕೆ ಹೆಚ್ಚು ತೂಕ ಇರುತ್ತೆ.

ಗೂಗಲ್ ಹಾಗಲ್ಲ. ಅಲ್ಲಿ ಪ್ರವಾಸಿಗಳು ಖುಷಿಯಾದ್ರೆ 5 ಒತ್ತಿ ಮುಂದೆ ಹೋಗ್ತಾರೆ. ಶಿಬುಯಾ, ಅಸಾಕುಸಾ ಥರದ ಜಾಗದಲ್ಲಿ 4.5 ಅಂದ್ರೆ ‘ಇಂಗ್ಲಿಷ್ ಮೆನು ಇದೆ, ನಗುನಗ್ತಾ ಮಾತಾಡಿಸ್ತಾರೆ’ ಅನ್ನೋದೂ ಸೇರಿರುತ್ತೆ. ಎರಡನ್ನೂ ಜೊತೆಗಿಟ್ಟು ನೋಡಿ. ತಾಬೆಲಾಗ್‌ನಲ್ಲಿ 3.5ರ ಮೇಲೆ, ಗೂಗಲ್‌ನಲ್ಲಿ 4.2ರ ಮೇಲೆ ಇದ್ರೆ ಧೈರ್ಯವಾಗಿ ಹೋಗಿ.

ಲೆಕ್ಕಪುಸ್ತಕ
ತಾಬೆಲಾಗ್ ಅಂಕ ದುಡ್ಡು ಕೊಟ್ರೆ ಏರುತ್ತೆ ಅಂತ ಕೋರ್ಟಲ್ಲೇ ಸಾಬೀತಾಗಿದೆ. ನಂಬೋಕೆ ಹೋಗಬೇಡಿ.

ಸೈತಾಮಾ_ಕನ್ನಡಿಗ
ಇಲ್ಲ ಸರ್, ಆ ಕೇಸ್ ಬೇರೆ. ಅಂಕ ಲೆಕ್ಕ ಹಾಕೋ ವಿಧಾನ ಬದಲಾಯಿಸಿದ್ರಿಂದ ನಮ್ಮ ಶಾಖೆಗಳ ಅಂಕ ಇಳೀತು ಅಂತ ಒಂದು ಹೋಟೆಲ್ ಸರಣಿ ಮೊಕದ್ದಮೆ ಹೂಡಿತ್ತು. 2022ರ ಜೂನ್‌ನಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಆ ಸರಣಿ ಪರ ತೀರ್ಪು ಕೊಡ್ತು. 2024ರ ಜನವರಿಯಲ್ಲಿ ಹೈಕೋರ್ಟ್ ಅದನ್ನ ತಿರುಗಿಸಿ ತಾಬೆಲಾಗ್ ಪರ ಹೇಳ್ತು. ದುಡ್ಡು ಕೊಟ್ಟು ಅಂಕ ಕೊಳ್ಳೋ ಮಾತು ಆ ವ್ಯಾಜ್ಯದ ತಿರುಳಾಗಿರಲಿಲ್ಲ. ಸರಣಿ ಹೋಟೆಲಿಗೂ ಒಂಟಿ ಅಂಗಡಿಗೂ ಬೇರೆ ಅಳತೆ ಇಡಬಹುದಾ ಅನ್ನೋದೇ ಅಲ್ಲಿನ ಪ್ರಶ್ನೆ.

ಧಾರವಾಡ_ಫೇಡಾ
ಅಂಕಾ ಬಿಡ್ರಿ, ‘ಹ್ಯಾಕುಮೆಯ್ತೆನ್’ ಪಟ್ಟಿ ನೋಡ್ರಿ. ತಾಬೆಲಾಗ್‌ನವರು ಒಂದೊಂದು ತಿನಿಸಿಗೂ ನೂರು ಅಂಗಡಿ ಆರಿಸಿ ಪಟ್ಟಿ ಮಾಡ್ತಾರ, ಬರ್ಗರ್‌ಗೂ ಬ್ಯಾರೆ ಪಟ್ಟಿ ಐತಿ. ಅಂಗಡಿ ಬಾಗ್ಲಾಗ ಸ್ಟಿಕರ್ ಹಚ್ಚಿರ್ತಾರ. ಸ್ಟಿಕರ್ ಮ್ಯಾಲಿನ ಇಸವಿ ನೋಡೂದು ಮಾತ್ರ ಮರೀಬ್ಯಾಡ್ರಿ. ನಾಕು ವರ್ಷದ ಹಿಂದಿನದು ಇದ್ರ ಅಷ್ಟರಾಗ ಅಡಗಿ ಮಾಡಾವ್ರು ಬದಲಾಗಿರಬಹುದು.

ಕರಾವಳಿ_ಗಾಳಿ
ಒಂದು ಎಚ್ಚರಿಕೆ ಮಾರಾಯ್ರೆ. ಮ್ಯಾಪ್‌ನಲ್ಲಿ ಹುಡುಕುವಾಗ ‘ಹಂಬಾಗು’ ಅಂಗಡಿಗಳೂ ಜೊತೆಗೆ ಬರ್ತವೆ. ಅದು ಬನ್ ಇಲ್ಲದ, ಅನ್ನದ ಜೊತೆ ಬಡಿಸುವ ಕೊಚ್ಚಿದ ಮಾಂಸದ ಸ್ಟೇಕ್. ಅದರಲ್ಲಿ ಸಾಧಾರಣ ಮೊಟ್ಟೆ, ಬ್ರೆಡ್ ಪುಡಿ, ಈರುಳ್ಳಿ ಉಂಟು. ಬಹಳ ಕಡೆ ದನ ಹಂದಿ ಎರಡನ್ನೂ ಬೆರೆಸಿರ್ತಾರೆ, ಅದಕ್ಕೆ ‘ಐಬಿಕಿ’ ಹೇಳುದು. ಫೋಟೋದಲ್ಲಿ ಬನ್ ಕಾಣದಿದ್ರೆ ಅದು ನಿಮ್ಮ ಅಂಗಡಿ ಅಲ್ಲ.

ಕಾವಲಿ
ಈಗ ವಾಗ್ಯು ಪ್ರಶ್ನೆ. ನನ್ನ ಖಚಿತ ಅಭಿಪ್ರಾಯ: 4,000 ಯೆನ್ ಎ5 ಬರ್ಗರ್ ಬೇಡ. ಕಾರಣ ಹೇಳ್ತೀನಿ.

ಎ5ರಲ್ಲಿ ‘ಎ’ ಅಂದ್ರೆ ಒಂದು ಪ್ರಾಣಿಯಿಂದ ಎಷ್ಟು ಮಾಂಸ ಸಿಗುತ್ತೆ ಅನ್ನೋ ಇಳುವರಿ ದರ್ಜೆ. ತಿನ್ನೋರಿಗೆ ಅದರಿಂದ ಏನೂ ಆಗಬೇಕಿಲ್ಲ. ‘5’ ಅನ್ನೋದು ಗುಣಮಟ್ಟ. ಅದರಲ್ಲಿ ದೊಡ್ಡ ಪಾಲು ಕೊಬ್ಬಿನ ಹೆಣಿಗೆಯದ್ದು, 12ರ ಅಳತೆಯಲ್ಲಿ 8ರಿಂದ 12 ಇದ್ರೆ 5 ಸಿಗುತ್ತೆ. ಈ ಹೆಣಿಗೆಯ ಸೊಗಸು ಇರೋದು ತೆಳ್ಳಗೆ ಕೊಯ್ದ ಹೋಳಿನಲ್ಲಿ, ನಾರಿನ ನಡುವೆ ಸಣ್ಣ ಸಣ್ಣ ಎಳೆಯಾಗಿ ಕೊಬ್ಬು ಕೂತಿರುತ್ತೆ. ಯಂತ್ರಕ್ಕೆ ಹಾಕಿ ಕೊಚ್ಚಿದ ಕ್ಷಣ ಆ ಹೆಣಿಗೆ ಹೋಯ್ತು. ಉಳಿಯೋದು ‘ಕೊಬ್ಬು ಎಷ್ಟು ಪಾಲು’ ಅನ್ನೋ ಲೆಕ್ಕ ಅಷ್ಟೇ.

ಬರ್ಗರ್ ಪ್ಯಾಟಿಗೆ, ಅಂದ್ರೆ ಬನ್ ನಡುವಿನ ಮಾಂಸದ ಬಿಲ್ಲೆಗೆ, ಕೊಬ್ಬು ಶೇ. 20ರಿಂದ 25 ಇದ್ರೆ ಸರಿ. ಎ5 ಬೆನ್ನಿನ ಭಾಗದಲ್ಲಿ ಅದರ ಎರಡರಷ್ಟು ಇರುತ್ತೆ. ವಾಗ್ಯು ಕೊಬ್ಬು ಬೇರೆ ದನದ ಕೊಬ್ಬಿಗಿಂತ ಕಡಿಮೆ ಬಿಸಿಗೇ ಕರಗುತ್ತೆ. ಕಾವಲಿ ಮೇಲಿಟ್ಟ ತಕ್ಷಣ ಎಣ್ಣೆ ಬಿಟ್ಕೊಂಡು ಪ್ಯಾಟಿ ಕುಗ್ಗುತ್ತೆ, ಎಣ್ಣೆಯಲ್ಲೇ ಬೇಯುತ್ತೆ, ಮೇಲ್ಪದರ ಕಂದಾಗಿ ಕಟ್ಟಲ್ಲ. ಕಚ್ಚಿದ್ರೆ ಮೆತ್ತಗೆ ಇರುತ್ತೆ, ಮಾಂಸದ ರುಚಿ ಕಡಿಮೆ, ನಾಲ್ಕನೇ ತುತ್ತಿಗೆ ನಾಲಿಗೆ ಜಿಡ್ಡು. ಬನ್ ಅಡಿ ಒದ್ದೆ.

ಒಳ್ಳೆ ಅಂಗಡಿಗಳು ವಾಗ್ಯು ಬಳಸಿದ್ರೂ ಕಾಲಿನ, ಕುತ್ತಿಗೆಯ, ಭುಜದ ಕೊಬ್ಬಿಲ್ಲದ ಭಾಗ ಆರಿಸಿ, ಕೊಬ್ಬನ್ನ ಬೇರೆಯಾಗಿ ತೂಗಿ ಸೇರಿಸ್ತವೆ. ಅಲ್ಲಿ ದರ್ಜೆ ದೊಡ್ಡ ಮಾತಲ್ಲ, ಯಾವ ಭಾಗ, ಎಷ್ಟು ದಪ್ಪಗೆ ಕೊಚ್ಚಿದ್ದು ಅನ್ನೋದೇ ಮಾತು.

ಎರಡನೇ_ಶಿಫ್ಟ್
ಪೂರ್ತಿ ಒಪ್ಪಲ್ಲ ಕಾವಲಿ ಅವರೇ. ಎಬಿಸುವಿನ ಬ್ಲ್ಯಾಕೌಸ್ ಕಪ್ಪು ವಾಗ್ಯುವಿನಲ್ಲೇ ಹೆಸರು ಮಾಡಿರೋದು. ದಾಯ್ಕನ್‌ಯಾಮಾದ ಹೆನ್ರೀಸ್ ಬರ್ಗರ್ ಕೂಡ ವಾಗ್ಯುನೇ. ಎರಡೂ ಕಡೆ ಸರತಿ ಸುಮ್ಮನೆ ನಿಲ್ಲಲ್ಲ.

ಕಾವಲಿ
ನಾನು ವಾಗ್ಯು ಬೇಡ ಅಂದಿಲ್ಲ, ‘ಎ5’ ಅನ್ನೋ ಬೋರ್ಡಿಗೆ ಎರಡು ಪಟ್ಟು ಕೊಡಬೇಡಿ ಅಂದೆ. ನೀವು ಹೇಳಿದ ಎರಡೂ ಅಂಗಡಿಯವರಿಗೆ ಮಾಂಸದ ಕೆಲಸ ಗೊತ್ತು, ಯಾವ ಭಾಗ ಎಲ್ಲಿಗೆ ಅಂತ ತಿಳಿದು ಕೊಚ್ಚೋರು. ಅವರನ್ನ ನೋಡಿ ಬೀದಿಬದಿಯ ಎ5 ಬೋರ್ಡ್ ನಂಬೋಕಾಗಲ್ಲ.

ಇನ್ನೊಂದು ವಿಷಯ. ಜಪಾನಿನಲ್ಲಿ ಪ್ರತಿ ದನಕ್ಕೂ 10 ಅಂಕಿಯ ಗುರುತಿನ ಸಂಖ್ಯೆ ಇದೆ. ಯಾಕಿನಿಕು (ಸುಟ್ಟ ಮಾಂಸ), ಸುಕಿಯಾಕಿ, ಶಾಬು ಶಾಬು (ಎರಡೂ ಬಿಸಿ ಸಾರಿನಲ್ಲಿ ಬೇಯಿಸೋ ತೆಳು ಹೋಳು), ಸ್ಟೇಕ್ ಮಾರೋ ಹೋಟೆಲುಗಳು ಆ ಸಂಖ್ಯೆ ತೋರಿಸಬೇಕು. ಕೊಚ್ಚಿದ ಮಾಂಸ ಆ ಕಾನೂನಿನ ವ್ಯಾಪ್ತಿಯಿಂದ ಹೊರಗೆ. ಸ್ಟೇಕ್‌ಗೆ ಇರೋ ಪುರಾವೆ ಬರ್ಗರ್‌ಗೆ ಕಡ್ಡಾಯ ಇಲ್ಲ, ಅಂಗಡಿಯ ಹೆಸರೇ ಪುರಾವೆ.

ಮೆನುವಿನಲ್ಲಿ ‘ಕೊಕುಸಾನ್‌ಗ್ಯೂ’ ಅಂತಿದ್ರೆ ಅದೂ ವಾಗ್ಯು ಅಲ್ಲ. ವಾಗ್ಯು ಅಂದ್ರೆ ನಾಲ್ಕೇ ತಳಿ. ಕೊಕುಸಾನ್ ಅಂದ್ರೆ ಜಪಾನಿನಲ್ಲಿ ಅತಿ ಹೆಚ್ಚು ಕಾಲ ಸಾಕಿದ ದನ, ಹಾಲಿನ ಹೋಲ್‌ಸ್ಟೀನ್ ಕೂಡ ಆಗಬಹುದು.

ಸೈತಾಮಾ_ಕನ್ನಡಿಗ
ಕಾವಲಿ ಮಾತಿಗೆ ಒಂದು ಉದಾಹರಣೆ: 2017ರ ನವೆಂಬರ್ 5ರಂದು ಟ್ರಂಪ್ ಜಪಾನಿಗೆ ಬಂದಾಗ ಕಸುಮಿಗಸೆಕಿ ಗಾಲ್ಫ್ ಕ್ಲಬ್ಬಿನಲ್ಲಿ ಆಗಿನ ಪ್ರಧಾನಿ ಆಬೆ ಜೊತೆ ತಿಂದಿದ್ದು ಶಿಬಾದ ಮಂಚಸ್ ಬರ್ಗರ್ ಶ್ಯಾಕ್‌ನ ಕೋಲ್ಬಿ ಜ್ಯಾಕ್ ಚೀಸ್ ಬರ್ಗರ್. ಅದರಲ್ಲಿದ್ದದ್ದು ಅಮೆರಿಕದ ದನದ ಮಾಂಸ, ವಾಗ್ಯು ಅಲ್ಲ. ಟೋಕಿಯೋದ ಅತಿ ಹೆಚ್ಚು ಹೆಸರಿರೋ ಬರ್ಗರ್ ಅಂಗಡಿಗಳಲ್ಲಿ ಅದೂ ಒಂದು.

ಧಾರವಾಡ_ಫೇಡಾ
ಆಸ್ಟ್ರೇಲಿಯಾ ಮಾಂಸಾನೂ ಭಾಳ ಕಡೆ ಐತ್ರಿ. 2003ರ ಡಿಸೆಂಬರ್‌ದಾಗ ಹುಚ್ಚು ದನದ ರೋಗದ ಸಲುವಾಗಿ ಅಮೆರಿಕದ ಮಾಂಸ ಬಂದ್ ಮಾಡಿದ್ರು. ಮತ್ತ ಸರಿಯಾಗಿ ಚಾಲೂ ಆಗಿದ್ದು 2006ರಾಗ, ಅದೂ ಎಳೀ ವಯಸ್ಸಿನ ದನದ್ದು ಅಷ್ಟ. ವಯಸ್ಸಿನ ಮಿತಿ ಪೂರ್ತಿ ತಗದಿದ್ದು 2019ರಾಗ. ಆ ನಡುವ ಆಸ್ಟ್ರೇಲಿಯಾದ್ದು ಅಡಗಿಮನಿಯೊಳಗ ಗಟ್ಟಿಯಾಗಿ ಕುಂತ್‌ಬಿಡ್ತು.

ಮಂಜಿನ_ಮಡಿಕೇರಿ
ಹಾಗಾದರೆ ಅಷ್ಟೊಂದು ಅಂಕ ಬರೋದು ಯಾತಕ್ಕೆ? ಅಮೆರಿಕದ ಮಾಂಸ ಹಾಕಿದ್ರೆ ಅಮೆರಿಕದ ಬರ್ಗರೇ ತಾನೇ.

ಕಾವಲಿ
ಒಳ್ಳೆ ಪ್ರಶ್ನೆ. ಜೋಡಣೆಗೆ ಬರುತ್ತೆ, ಬನ್‌ಗೆ ಬರುತ್ತೆ, ಆರ್ಡರ್ ಕೊಟ್ಟ ಮೇಲೇ ಬೇಯಿಸೋದಕ್ಕೆ ಬರುತ್ತೆ.

ಪ್ಯಾಟಿ ಸಾಮಾನ್ಯವಾಗಿ 110ರಿಂದ 150 ಗ್ರಾಂ. ಬರೀ ದನದ ಮಾಂಸ, ಮೊಟ್ಟೆ ಬ್ರೆಡ್ ಪುಡಿ ಥರದ ಅಂಟು ಏನೂ ಇಲ್ಲ. ಇದಕ್ಕೆ ‘ತ್ಸುನಾಗಿ ನಾಶಿ’ ಅಂತ ಮೆನುವಿನಲ್ಲಿ ಹೆಮ್ಮೆಯಿಂದ ಬರೆದಿರ್ತಾರೆ. ತುಂಬಾ ಕಡೆ ದಪ್ಪ ಕೊಚ್ಚು, ಕೆಲವು ಕಡೆ ಚಾಕುವಿನಲ್ಲಿ ಕೈಯಾರೆ ಹೆಚ್ಚಿದ ತುಂಡು ಬೆರೆಸ್ತಾರೆ. ಉಪ್ಪು ಬೀಳೋದು ಕಾವಲಿ ಮೇಲೆ ಇಡೋ ಹೊತ್ತಿಗೆ. ಮುಂಚೆ ಕಲೆಸಿದ್ರೆ ಉಪ್ಪು ಮಾಂಸದ ಪ್ರೋಟೀನ್ ಕರಗಿಸಿ ಅಂಟು ಮಾಡುತ್ತೆ, ಪ್ಯಾಟಿ ಸಾಸೇಜಿನ ಹಾಗೆ ಬಿಗಿಯುತ್ತೆ.

ಬನ್ ಒಳಮೈ ಸುಟ್ಟು ತೆಳು ಗರಿ ಪದರ ಮಾಡ್ತಾರೆ. ರಸ ಬ್ರೆಡ್ಡಿಗೆ ಇಳಿಯದ ಹಾಗೆ ಅದೇ ತಡೆ. ಲೆಟಿಸ್ ಎಲೆಯನ್ನ ಎಸೆಯಲ್ಲ, ಒತ್ತಿ ಮಡಚಿ ಬನ್ ಅಗಲಕ್ಕೆ ಸರಿಯಾಗಿ ಚಪ್ಪಟೆ ಪದರ ಮಾಡಿ ಇಡ್ತಾರೆ. ಟೊಮೆಟೊ ಜಾರೋದು ಇದರಿಂದ ನಿಲ್ಲುತ್ತೆ. ಮೂರ್ನಾಲ್ಕು ಇಂಚು ಎತ್ತರದ ಬರ್ಗರ್ ನೆಟ್ಟಗೆ ನಿಲ್ಲೋದು ಈ ಮಡಿಕೆಯಿಂದ.

ಬನ್‌ಗೆ ಬೇಕರಿ ಬೇರೆ. ಶಿಂಜುಕುವಿನ ಮಿನೆಯಾ ಅನ್ನೋ ಬೇಕರಿ ಟೋಕಿಯೋದ ಎಷ್ಟೋ ಗೌರ್ಮೆ ಅಂಗಡಿಗಳಿಗೆ ಬನ್ ಕೊಡುತ್ತೆ.

ಎರಡನೇ_ಶಿಫ್ಟ್
ಇದಕ್ಕೊಂದು ಪರಂಪರೆನೂ ಇದೆ. ಮೆಕ್‌ಡೊನಾಲ್ಡ್ಸ್ ಗಿನ್ಜಾದಲ್ಲಿ ತೆರೆದಿದ್ದು 1971ರ ಜುಲೈನಲ್ಲಿ, ಜಪಾನಿನದೇ ಸರಣಿ ಮಾಸ್ ಬರ್ಗರ್ ಬಂದಿದ್ದು 1972ರಲ್ಲಿ. ಗೌರ್ಮೆ ಅಲೆ ಆಮೇಲಿಂದು. ಹಿರೋದ ಹೋಮ್‌ವರ್ಕ್ಸ್ 1985, ಹೊಂಗೋದ ಫೈರ್‌ಹೌಸ್ 1996, ನಿಂಗ್ಯೋಚೋದ ಬ್ರೋಜರ್ಸ್ 2000. ಈಗಿನ ಎಷ್ಟೋ ಅಂಗಡಿ ಮಾಲೀಕರು ಇಂಥ ಹಳೇ ಅಂಗಡಿಗಳಲ್ಲಿ ಕೆಲಸ ಕಲಿತು ಹೊರಬಂದೋರು. ಬ್ರೋಜರ್ಸ್‌ಗೆ ಹೋದ್ರೆ ‘ಲಾಟ್ ಬರ್ಗರ್’ ನೋಡಿ. ಆಸ್ಟ್ರೇಲಿಯಾ ಶೈಲಿ, ಮೊಟ್ಟೆ, ಬೇಕನ್ (ಉಪ್ಪು ಹಾಕಿದ ಹಂದಿ ಮಾಂಸ), ಚೀಸ್, ಅನಾನಸ್ ಎಲ್ಲ ಒಂದರಲ್ಲೇ.

ಬನಶಂಕರಿ_ಬಸ್‌ಸ್ಟಾಪ್
ಅಬ್ಬಾ, ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಬುಕಿಂಗ್, ಸರತಿ ಬಗ್ಗೆ ಯಾರಾದ್ರೂ ಹೇಳಿ.

ಸೈತಾಮಾ_ಕನ್ನಡಿಗ
ಮಧ್ಯಾಹ್ನಕ್ಕೆ ಬಹುತೇಕ ಬುಕಿಂಗ್ ಇಲ್ಲ, ಬಂದವರಿಗೆ ಬಂದ ಕ್ರಮದಲ್ಲಿ. 15ರಿಂದ 25 ಸೀಟಿನ ಅಂಗಡಿಗಳು. 11:00 ಅಥವಾ 11:30ಕ್ಕೆ ತೆರೆಯುತ್ತೆ ಅಂದ್ರೆ ವಾರದ ದಿನ 15 ನಿಮಿಷ, ಶನಿವಾರ ಭಾನುವಾರ 30 ನಿಮಿಷ ಮುಂಚೆ ಹೋಗಿ. 12ರಿಂದ 1 ಆಫೀಸಿನವರ ಹೊತ್ತು, ಆಗ ಹೋಗಬೇಡಿ. 1:30ಕ್ಕೆ ಹೋದ್ರೆ ಖಾಲಿ ಇರುತ್ತೆ. ಆದ್ರೆ ‘ಎಲ್.ಓ.’ ಅಂತ ಬರೆದ ಸಮಯ ನೋಡ್ಕೊಳಿ. ಅದು ಮುಚ್ಚೋ ಸಮಯ ಅಲ್ಲ, ಕೊನೇ ಆರ್ಡರ್ ತಗೊಳ್ಳೋ ಸಮಯ. ಸಂಜೆ 3ರಿಂದ 5 ಎಷ್ಟೋ ಅಂಗಡಿ ಬಾಗಿಲು ಹಾಕ್ತವೆ. ಬನ್ ಮುಗಿದ್ರೆ ಅದಕ್ಕೂ ಮುಂಚೆನೇ ‘ಉರಿಕಿರೆ’ (ಎಲ್ಲ ಮಾರಿ ಮುಗೀತು) ಬೋರ್ಡ್ ತೂಗುತ್ತೆ.

ಬಾಗಿಲ ಹತ್ರ ಕಾಗದ, ಪೆನ್ ಇಟ್ಟಿದ್ರೆ ಹೆಸರು, ಎಷ್ಟು ಜನ ಅಂತ ಬರೆದು ನಿಲ್ಲಬೇಕು. ಹೆಸರು ಚಿಕ್ಕದಾಗಿ, ಅವರು ಕೂಗೋಕೆ ಸುಲಭ ಆಗೋ ಹಾಗೆ ಬರೀರಿ. ಕೂಗಿದಾಗ ಇಲ್ಲದಿದ್ರೆ ಮುಂದಿನವರಿಗೆ ಹೋಗುತ್ತೆ. ಒಬ್ರು ನಿಂತು ಮೂವರಿಗೆ ಜಾಗ ಹಿಡಿಯೋ ಪದ್ಧತಿ ಅಲ್ಲಿ ನಡೆಯಲ್ಲ, ಎಲ್ರೂ ಬಂದ ಮೇಲೇ ಒಳಗೆ. ನಾಲ್ಕು ಜನರಿಗೆ ಒಂದೇ ಟೇಬಲ್ ಅಂತ ಹಠ ಹಿಡಿದ್ರೆ ಕಾಯೋದು ಜಾಸ್ತಿ. ಎರಡು ಎರಡು ಆಗಿ ಕೂರ್ತೀವಿ ಅಂದ್ರೆ ಬೇಗ ಆಗುತ್ತೆ.

ಒಳಗೆ ಕೂತ ಮೇಲೂ 15ರಿಂದ 20 ನಿಮಿಷ ಕಾಯಬೇಕು. ದಪ್ಪ ಪ್ಯಾಟಿ ಬೇಯೋಕೇ 8ರಿಂದ 10 ನಿಮಿಷ ಬೇಕು, ಅವಸರ ಮಾಡಿ ಪ್ರಯೋಜನ ಇಲ್ಲ.

ಕರಾವಳಿ_ಗಾಳಿ
ನವೆಂಬರ್ 3 ಅಲ್ಲಿ ಸರ್ಕಾರಿ ರಜೆ, ಸಂಸ್ಕೃತಿ ದಿನ. ಆ ದಿನ ವಾರಾಂತ್ಯದಷ್ಟೇ ರಶ್ ಉಂಟು. ಸೋಮವಾರ ರಜೆ ಇರುವ ಅಂಗಡಿಗಳು ಆ ಸೋಮವಾರ ಸರ್ಕಾರಿ ರಜೆಯಾದ್ರೆ ತೆರೆದು ಮಂಗಳವಾರ ಮುಚ್ಚುದು ಸಾಮಾನ್ಯ. ‘ಫುತೇಯ್‌ಕ್ಯೂ’ ಅಂತ ಬರೆದಿದ್ರೆ ರಜೆಗೆ ನಿಗದಿತ ದಿನ ಇಲ್ಲ. ಆವತ್ತು ಬೆಳಿಗ್ಗೆ ಅಂಗಡಿಯ ಇನ್‌ಸ್ಟಾಗ್ರಾಂ ನೋಡಿಯೇ ಹೊರಡಿ. ಗೂಗಲ್‌ನ ‘ತೆರೆದಿದೆ’ ನಂಬಿ ಒಂದು ಗಂಟೆ ರೈಲಲ್ಲಿ ಹೋಗ್ಬೇಡಿ.

ಮಳೆ ಬಂದ್ರೆ ಆ ದಿನವೇ ಹೋಗಿ, ಸರತಿ ಅರ್ಧಕ್ಕರ್ಧ ಕಡಿಮೆ. ದೊಡ್ಡ ಸೂಟ್‌ಕೇಸ್ ಮಾತ್ರ ಸ್ಟೇಷನ್‌ನ ಲಾಕರ್‌ನಲ್ಲಿ ಇಟ್ಟು ಹೋಗಿ, ಆ ಪುಟ್ಟ ಅಂಗಡಿಗಳಲ್ಲಿ ಕಾಲು ಚಾಚ್ಲಿಕ್ಕೂ ಜಾಗ ಇಲ್ಲ.

ಲೆಕ್ಕಪುಸ್ತಕ
ಖರ್ಚು: ಸಾದಾ ಬರ್ಗರ್ 1,300ರಿಂದ 1,800 ಯೆನ್, ಆವಕಾಡೊ, ಚೀಸ್, ಬೇಕನ್ ಸೇರಿದ್ದು 1,800ರಿಂದ 2,500. ಇದರಲ್ಲಿ ಆಲೂ ಫ್ರೈಸ್ ಸಾಮಾನ್ಯವಾಗಿ ಸೇರಿರುತ್ತೆ, ಬೇರೆ ಹೇಳಬೇಡಿ. ವಾರದ ದಿನ ಲಂಚ್‌ಗೆ ಪಾನೀಯನೂ ಸೇರಿಸ್ತಾರೆ. ಟಿಪ್ ಇಲ್ಲ.

2021ರ ಏಪ್ರಿಲ್‌ನಿಂದ ತೆರಿಗೆ ಸೇರಿದ ಬೆಲೆ ತೋರಿಸೋದು ಕಡ್ಡಾಯ. ಎರಡು ಬೆಲೆ ಕಂಡ್ರೆ ದೊಡ್ಡದನ್ನೇ ಲೆಕ್ಕ ಹಿಡೀರಿ. ಕೂತು ತಿಂದ್ರೆ ತೆರಿಗೆ ಶೇ. 10, ಪಾರ್ಸೆಲ್‌ಗೆ ಶೇ. 8. ಅದಕ್ಕೇ ಮೊದಲು ‘ತೆನ್ನಾಯ್’ ಅಥವಾ ‘ಮೊಚಿಕಾಯೆರಿ’ ಅಂತ ಕೇಳ್ತಾರೆ. ಒಳಗೆ ತಿನ್ನೋದಾದ್ರೆ ‘ತೆನ್ನಾಯ್ ದೆ’ ಅನ್ನಿ.

ಕೈಯಲ್ಲಿ ನಗದು ಇರಲಿ, ಕಾರ್ಡ್ ತಗೊಳ್ಳದ ಅಂಗಡಿ ಇನ್ನೂ ಇವೆ. 2024ರ ಜುಲೈನಲ್ಲಿ ಹೊಸ ನೋಟು ಬಂತು, ಊಟದ ಟಿಕೆಟ್ ಕೊಡೋ ಹಳೇ ಯಂತ್ರ ಕೆಲವು ಅದನ್ನ ತಗೊಳ್ಳಲ್ಲ. 500ರ, 100ರ ನಾಣ್ಯ ಇಟ್ಕೊಂಡಿರಿ.

ಮಂಜಿನ_ಮಡಿಕೇರಿ
ಪಾರ್ಸೆಲ್ ತಗೊಂಡು ಪಾರ್ಕಲ್ಲಿ ಕೂತು ತಿಂದರೆ ಶೇ. 2 ಉಳೀತಲ್ಲ. ನಾಲ್ಕು ಜನರಿಗೆ ಸರತಿನೂ ತಪ್ಪುತ್ತೆ.

ಕಾವಲಿ
ದಯವಿಟ್ಟು ಬೇಡ. ಇಂಥ ಬರ್ಗರ್‌ಗೆ ಮೊದಲ ಐದು ನಿಮಿಷವೇ ಜೀವ. ಮುಚ್ಚಿದ ಡಬ್ಬಿಯಲ್ಲಿ ಹಬೆ ಕೂತು ಬನ್‌ನ ಗರಿ ಪದರ ಮೆತ್ತಗಾಗುತ್ತೆ, ಲೆಟಿಸ್ ಬಾಡುತ್ತೆ, ಕೊಬ್ಬು ತಣ್ಣಗಾಗಿ ಗಟ್ಟಿಯಾಗುತ್ತೆ. 40 ರೂಪಾಯಿಯೂ ಉಳಿಯಲ್ಲ, ಹಾಳಾಗೋದು ಸಾವಿರ ರೂಪಾಯಿಯ ಬರ್ಗರ್. ಫೋಟೋ ಕೂಡ ಒಂದೆರಡು ಸಾಕು, ವಿಡಿಯೋ ಮಾಡ್ತಾ ಕೂರಬೇಡಿ.

ಧಾರವಾಡ_ಫೇಡಾ
ತಿನ್ನೂ ಕ್ರಮ ಹೇಳ್ರಿ ಕಾವಲಿ ಅವ್ರ, ಅದ ಭಾಳ ಮಂದಿಗೆ ಗೊತ್ತಾಗಂಗಿಲ್ಲ. ಅಷ್ಟ್ ಎತ್ತರದ್ದು ಬಾಯಾಗ ಹೆಂಗ ಹಿಡಿಸೂದು?

ಕಾವಲಿ
ತಟ್ಟೆ ಪಕ್ಕದಲ್ಲಿ ಎರಡು ಬದಿ ತೆರೆದ ಕಾಗದದ ಚೀಲ ಇಟ್ಟಿರ್ತಾರೆ. ಬರ್ಗರ್ ಹೋಗಬೇಕಾದ್ದು ಅದರೊಳಗೆ.

ಮೊದಲು ಮೇಲಿನ ಬನ್ ಮೇಲೆ ಅಂಗೈ ಇಟ್ಟು ಮೆಲ್ಲಗೆ, ನೇರ ಕೆಳಗೆ ಒತ್ತಿ. ನಡುವೆ ಚುಚ್ಚಿಟ್ಟ ಕಡ್ಡಿ ಇನ್ನೂ ಒಳಗೇ ಇರಲಿ, ಅದು ಪದರಗಳನ್ನ ಸಾಲಾಗಿ ಹಿಡಿದಿರುತ್ತೆ. ಎತ್ತರ ಮುಕ್ಕಾಲಿಗೆ ಇಳಿದ ಮೇಲೆ ಕಡ್ಡಿ ತೆಗೀರಿ. ಮೊದಲೇ ತೆಗೆದು ಒತ್ತಿದ್ರೆ ಟೊಮೆಟೊ ಪಕ್ಕಕ್ಕೆ ಜಾರುತ್ತೆ. ಚೀಲ ಎಡಗೈಯಲ್ಲಿ ಅಗಲವಾಗಿ ತೆರೆದು, ಬಲಗೈಯಲ್ಲಿ ಬರ್ಗರ್ ಎತ್ತಿ ಚೀಲದ ಮೂಲೆಗೆ ತಾಗೋ ತನಕ ಒಳಗೆ ತಳ್ಳಿ. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳು ಅಡಿಗೆ, ಉಳಿದ ಬೆರಳು ಮೇಲೆ.

ಎಲ್ಲ ಪದರನೂ ಒಂದೇ ತುತ್ತಿಗೆ ಬರೋ ಹಾಗೆ ಕಚ್ಚಿ. ರಸ ಚೀಲದ ಮೂಲೆಗೆ ಇಳಿಯುತ್ತೆ, ಆ ಮೂಲೆ ಸದಾ ಕೆಳಗಿರಲಿ. ಒಮ್ಮೆ ಕೈಗೆತ್ಕೊಂಡ ಮೇಲೆ ತಟ್ಟೆಗೆ ವಾಪಸ್ ಇಡಬೇಡಿ, ಇಟ್ರೆ ಮತ್ತೆ ಜೋಡಿಸೋಕಾಗಲ್ಲ. ಫ್ರೈಸ್ ಆಮೇಲೆ ತಿನ್ನಿ.

ಎರಡನೇ_ಶಿಫ್ಟ್
ಇನ್ನೊಂದು ಉಪಾಯ: ಚೀಲಕ್ಕೆ ಹಾಕುವಾಗ ತಲೆಕೆಳಗು ಮಾಡಿ. ಮೇಲಿನ ಬನ್ ದಪ್ಪ, ಕೆಳಗಿನದು ತೆಳು. ರಸ ಇಳಿಯೋದು ಕೆಳಕ್ಕೆ ತಾನೇ, ದಪ್ಪದ್ದು ಅಡಿಗಿದ್ರೆ ತಡೆಯುತ್ತೆ.

ಮಂಜಿನ_ಮಡಿಕೇರಿ
ಚಾಕು ಫೋರ್ಕ್ ಕೊಡ್ತಾರಲ್ಲ, ಅದರಲ್ಲೇ ಕೊಯ್ದು ತಿಂದರೆ ಏನು ತಪ್ಪು? ಹಲ್ಲಿನ ತೊಂದರೆ ಇರೋರು, ವಯಸ್ಸಾದೋರು ಏನು ಮಾಡಬೇಕು?

ಕಾವಲಿ
ತಪ್ಪೇನಿಲ್ಲ ಮೇಡಂ, ಯಾರೂ ಏನೂ ಅಂದುಕೊಳ್ಳಲ್ಲ. ಗರಗಸದ ಅಲಗಿನ ಚಾಕು ಕೇಳಿ, ನಡುವೆ ಒಂದೇ ಸಲ ಅರ್ಧ ಮಾಡಿ, ಪ್ರತಿ ಅರ್ಧವನ್ನ ಬೇರೆ ಚೀಲಕ್ಕೆ ಹಾಕಿ. ತುಂಡು ತುಂಡು ಮಾಡಿದ್ರೆ ಮಾತ್ರ ಲೆಟಿಸ್ ಬೇರೆ ಮಾಂಸ ಬೇರೆ ಆಗಿ ಸಲಾಡ್ ತಿಂದ ಹಾಗಾಗುತ್ತೆ.

ಲೆಕ್ಕಪುಸ್ತಕ
ಒಳಗೆ ಗುಲಾಬಿ ಬಣ್ಣ ಇದ್ರೆ ವಾಪಸ್ ಕಳಿಸಬೇಕಾ? ಸ್ಟೇಕ್ ಹಾಗೆ ತಿಂತೀವಲ್ಲ.

ಎರಡನೇ_ಶಿಫ್ಟ್
ಸ್ಟೇಕ್‌ಗೂ ಇದಕ್ಕೂ ಹೋಲಿಸಬೇಡಿ. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೊರಮೈಯಲ್ಲಿ ಇರುತ್ತೆ, ಹೊರಗೆ ಸುಟ್ರೆ ಸಾಯುತ್ತೆ. ಕೊಚ್ಚಿದಾಗ ಹೊರಮೈ ಒಳಗೂ ಸೇರುತ್ತೆ. ಜಪಾನಿನ ಆರೋಗ್ಯ ಸಚಿವಾಲಯ ಕೊಚ್ಚಿದ ಮಾಂಸಕ್ಕೆ ಹೇಳೋ ಅಳತೆ: ನಟ್ಟನಡುವೆ 75 ಡಿಗ್ರಿ, 1 ನಿಮಿಷ. ಬಣ್ಣ ನೋಡಿ ಮಾತ್ರ ನಿರ್ಧರಿಸೋಕಾಗಲ್ಲ. ಬೆಂದ ಮೇಲೂ ಸ್ವಲ್ಪ ಗುಲಾಬಿ ಉಳಿಯಬಹುದು, ಕಂದಾಗಿದ್ದೂ ಬೆಂದಿಲ್ಲದೆ ಇರಬಹುದು. ಮಕ್ಕಳು, ಗರ್ಭಿಣಿಯರು, ವಯಸ್ಸಾದವರು ಇದ್ರೆ ಆರ್ಡರ್ ಕೊಡುವಾಗಲೇ ‘ಯೊಕುಯಾಕಿ ದೆ ಒನೆಗಾಯ್‌ಶಿಮಾಸು’ ಅನ್ನಿ, ಚೆನ್ನಾಗಿ ಬೇಯಿಸಿಕೊಡ್ತಾರೆ. ನಡುವೆ ತಣ್ಣಗಿದ್ದು ಹಸಿ ಅಂಟು ಕಂಡ್ರೆ ಸಂಕೋಚ ಇಲ್ಲದೆ ತೋರಿಸಿ.

ಸಸ್ಯಾಹಾರಿ_ಪಯಣ
ಮೂಲ ಪ್ರಶ್ನೆಯ ಕೊನೇ ಭಾಗಕ್ಕೆ ಯಾರೂ ಉತ್ತರಿಸಿಲ್ಲ, ನಾನು ಹೇಳ್ತೀನಿ.

ದನದ ಮಾಂಸ ತಿನ್ನದವರಿಗೆ: ಹಲವು ಗೌರ್ಮೆ ಅಂಗಡಿಗಳಲ್ಲಿ ಚಿಕನ್ ಸ್ಯಾಂಡ್‌ವಿಚ್ ಇರುತ್ತೆ. ಆದ್ರೆ ಕಾವಲಿ ಒಂದೇ, ಸಟ್ಟುಗ ಒಂದೇ. ಫ್ರೈಸ್ ದನದ ಕೊಬ್ಬಿನಲ್ಲಿ ಕರಿದದ್ದು ಇರಬಹುದು. ಚಿಕನ್ ಜೊತೆ ಬೇಕನ್ ಇಟ್ಟಿರ್ತಾರೆ, ‘ಬೇಕೊನ್ ನುಕಿ ದೆ’ ಅಂದ್ರೆ ತೆಗೀತಾರೆ. ‘ಗ್ಯೂನಿಕು ತಾಬೆರಾರೆಮಾಸೆನ್’ (ದನದ ಮಾಂಸ ತಿನ್ನೋಕಾಗಲ್ಲ) ಅಂತ ಫೋನಿನಲ್ಲಿ ಜಪಾನೀ ಲಿಪಿಯಲ್ಲಿ ಬರೆದಿಟ್ಟು ತೋರಿಸಿ. ಮಾತಿಗಿಂತ ಬರಹ ಲೇಸು, ಅಡುಗೆಮನೆಗೂ ಒಯ್ದು ತೋರಿಸ್ತಾರೆ.

ಸಸ್ಯಾಹಾರಿಗೆ: ಇಂಥ ಅಂಗಡಿ ನಿಜಕ್ಕೂ ಕಷ್ಟ. ಪ್ಯಾಟಿ ಬಿಟ್ಟು ಕೊಡಿ ಅಂದ್ರೂ ಬನ್‌ನಲ್ಲಿ ಮೊಟ್ಟೆ ಹಾಲು, ಮೇಯೊನೀಸ್‌ನಲ್ಲಿ ಮೊಟ್ಟೆ, ಸಾಸ್‌ನಲ್ಲಿ ಮಾಂಸದ ಸಾರ. ಜಪಾನಿನ ಕಡ್ಡಾಯ ಅಲರ್ಜಿ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಗೋಧಿ ಎಲ್ಲ ಇವೆ, ಆದ್ರೆ ಅದು ಪ್ಯಾಕೆಟ್ ಆಹಾರಕ್ಕೆ ಮಾತ್ರ, ಹೋಟೆಲಿಗೆ ಅಲ್ಲ.

ಇನ್ನೊಂದು: ಬಹಳ ಕಡೆ ಒಬ್ಬರಿಗೆ ಒಂದು ಆರ್ಡರ್ ಕಡ್ಡಾಯ. ಕೆಲವು ಕಡೆ ಪಾನೀಯ ಸಾಕು, ಕೆಲವು ಕಡೆ ಬರ್ಗರೇ ಬೇಕು. ಸರತಿಯಲ್ಲಿ ನಿಲ್ಲೋ ಮುಂಚೆ ಕೇಳಿ.

ಬನಶಂಕರಿ_ಬಸ್‌ಸ್ಟಾಪ್
ಹಾಗಾದ್ರೆ ಸಸ್ಯಾಹಾರಿ ಗೆಳೆಯನಿಗೆ ಬರ್ಗರ್ ಯೋಗವೇ ಇಲ್ವಾ?

ಸಸ್ಯಾಹಾರಿ_ಪಯಣ
ಇದೆ. ಮಾಸ್ ಬರ್ಗರ್ 2020ರಲ್ಲಿ ತಂದ ‘ಗ್ರೀನ್ ಬರ್ಗರ್’ ಸೋಯಾ ಪ್ಯಾಟಿಯದ್ದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ ಹಾಗೆ ರೂಪಿಸಿದ್ದು, ಈರುಳ್ಳಿ ಬೆಳ್ಳುಳ್ಳಿ ಕೂಡ ಬಳಸಿಲ್ಲ. ಅಡುಗೆಮನೆ ಮಾತ್ರ ಮಾಂಸದ ಜೊತೆ ಹಂಚಿಕೊಂಡದ್ದೇ, ಅದು ನಡೆಯುತ್ತಾ ಅಂತ ಅವರನ್ನೇ ಕೇಳಿ. ನಡೆಯಲ್ಲ ಅಂದ್ರೆ ಟೋಕಿಯೋ ಸ್ಟೇಷನ್ ಒಳಗೆ ಕೇಯೊ ಸ್ಟ್ರೀಟ್‌ನಲ್ಲಿರೋ ಟೀಸ್ ತಾನ್‌ತಾನ್‌ಗೆ ಹೋಗಲಿ, ಪೂರ್ತಿ ಸಸ್ಯಾಹಾರಿ ರಾಮೆನ್ ಅಂಗಡಿ.

ಮೆಕ್‌ಡೊನಾಲ್ಡ್ಸ್‌ನ ತೆರಿಯಾಕಿ ಬರ್ಗರ್ ಬಗ್ಗೆ ಎಲ್ರೂ ತಿಳ್ಕೊಂಡಿರಿ. ಜಪಾನಿನಲ್ಲಿ ಅದರ ಪ್ಯಾಟಿ ಹಂದಿಯದ್ದು. ಕೋಳಿ ಅಂದುಕೊಂಡು ತಗೊಳ್ಳೋರು ಬಹಳ.

ಧಾರವಾಡ_ಫೇಡಾ
ಉತ್ತರದ ಹೊಕ್ಕಾಯ್ದೊ ದ್ವೀಪಕ್ಕ ಹೋಗಾವ್ರು ಇದ್ರ ಹಾಕೊದಾತೆಯ ಲಕ್ಕಿ ಪಿಯೆರೊ ನೋಡ್ರಿ. 1987ರಿಂದ ಐತಿ, ಆ ಊರಿನ ಸುತ್ತಮುತ್ತ ಬಿಟ್ರ ಬ್ಯಾರೆ ಎಲ್ಲೂ ಶಾಖೆ ಇಲ್ಲ. ಅಲ್ಲಿಯ ಹೆಸರಾಂತ ಬರ್ಗರ್ ಚೈನೀಸ್ ಚಿಕನ್, ಕರದ ಕೋಳಿ. ದನದ ಮಾಂಸ ಬ್ಯಾಡ ಅನ್ನಾವ್ರಿಗೆ ಹೇಳಿ ಮಾಡಿಸಿದ್ದು.

ಕರಾವಳಿ_ಗಾಳಿ
ಊರೂರಿನ ಬರ್ಗರ್ ಮಾತು ಬಂದ್ರೆ ಸಾಸೆಬೊ ಬಿಡ್ಲಿಕ್ಕೆ ಆಗ್ತದಾ? ನಾಗಸಾಕಿ ಪ್ರಾಂತ್ಯದ ಬಂದರು. ಅಮೆರಿಕದ ನೌಕಾನೆಲೆಯಿಂದ 1950ರ ಸುಮಾರಿಗೆ ಬರ್ಗರ್ ಕಲಿತ ಊರು. ಅಲ್ಲಿಯ ಹಿಕಾರಿ 1951ರದ್ದು. ಪ್ಯಾಟಿ ತೆಳು, ಮೊಟ್ಟೆ, ಬೇಕನ್, ಸಿಹಿ ಮೇಯೊನೀಸ್. ಫುಕುವೊಕಾ ಊರಿನ ಹಾಕಾತಾ ಸ್ಟೇಷನ್‌ನಿಂದ ಮಿದೊರಿ ಎಕ್ಸ್‌ಪ್ರೆಸ್ ರೈಲಲ್ಲಿ ಎರಡು ಗಂಟೆಗಿಂತ ಸ್ವಲ್ಪ ಕಡಿಮೆ.

ಮಂಜಿನ_ಮಡಿಕೇರಿ
ಸಾಸೆಬೊ ಚೆನ್ನಾಗಿದೆ, ಆದರೆ ಇವರು ಹೊರಟಿರೋದು ಟೋಕಿಯೋಗೆ. ಅಸಾಕುಸಾದಿಂದ ಯಾವುದು ಹತ್ತಿರ ಅಂತ ಹೇಳಿ.

ಸೈತಾಮಾ_ಕನ್ನಡಿಗ
ಅಸಾಕುಸಾದಿಂದ ತೋಯೇ ಅಸಾಕುಸಾ ಲೈನ್ ಹಿಡಿದ್ರೆ ನಿಂಗ್ಯೋಚೋ ನಾಲ್ಕನೇ ಸ್ಟೇಷನ್, ಬ್ರೋಜರ್ಸ್ ಅಲ್ಲಿ. ಅದೇ ಲೈನ್‌ನಲ್ಲಿ ಮುಂದೆ ಮಿತಾದಲ್ಲಿ ಇಳಿದು ನಡೆದ್ರೆ ಮಂಚಸ್. ಎರಡಕ್ಕೂ ರೈಲು ಬದಲಾಯಿಸೋದು ಬೇಕಿಲ್ಲ.

ಇನ್ನೆರಡು: ಕುರಾಮಾಯೆಯಲ್ಲಿ ಇಳಿದು ಒಯೆದೊ ಲೈನ್‌ಗೆ ಬದಲಾಯಿಸಿ. ಅಲ್ಲಿ ರಸ್ತೆ ಮೇಲೆ ಬಂದು ನಡೆದು ಇನ್ನೊಂದು ಸ್ಟೇಷನ್‌ಗೆ ಹೋಗಬೇಕು, ದಾರಿ ತಪ್ಪಿದೆ ಅಂದ್ಕೋಬೇಡಿ. ಒಂದು ಸ್ಟೇಷನ್ ದಾಟಿದ್ರೆ ರ್‍ಯೋಗೊಕು, ಅಲ್ಲಿ ಶೇಕ್ ಟ್ರೀ. ಅವರ ‘ವೈಲ್ಡ್ ಔಟ್’ನಲ್ಲಿ ಬನ್ ಜಾಗದಲ್ಲಿ ಎರಡು ಪ್ಯಾಟಿ ಇರುತ್ತೆ. ಎದುರು ದಿಕ್ಕಿಗೆ ಮೂರು ಸ್ಟೇಷನ್ ಹೋದ್ರೆ ಹೊಂಗೊ ಸಾನ್‌ಚೋಮೆ, ಫೈರ್‌ಹೌಸ್‌ಗೆ. ಅಲ್ಲಿ ಮೊಝರೆಲ್ಲಾ ಮಶ್ರೂಮ್ ಬರ್ಗರ್ ತಗೊಳ್ಳಿ.

ಎರಡನೇ_ಶಿಫ್ಟ್
ಮೊದಲ ಸಲ ಹೋಗೋರು ‘ವೈಲ್ಡ್ ಔಟ್’ ತಗೋಬೇಡಿ. ಬನ್ ಇಲ್ಲದಿದ್ರೆ ಆ ಜೋಡಣೆಯ ಅರ್ಧ ರುಚಿ ಗೊತ್ತಾಗಲ್ಲ. ಸಾದಾ ಚೀಸ್ ಬರ್ಗರ್ ತಗೊಳ್ಳಿ, ಪ್ಯಾಟಿ ಹೇಗಿದೆ ಅಂತ ಅದರಲ್ಲಿ ತಿಳಿಯುತ್ತೆ.

ಧಾರವಾಡ_ಫೇಡಾ
ಒಪ್ಪಂಗಿಲ್ರಿ. ಅಷ್ಟು ದೂರ ಹೋಗಿ ಸಾದಾ ಯಾಕ್ರಿ? ಆವಕಾಡೊ ಚೀಸ್ ತಗೊಳ್ರಿ, ಹಣ್ಣಾದ ಆವಕಾಡೊ ಸಾಸಿನ ಕೆಲಸಾನೂ ಮಾಡ್ತದ.

ಕಾವಲಿ
ನಾಲ್ಕು ಜನ ಇದ್ದೀರಿ, ಬರ್ಗರ್ ತಿನ್ನೋರು ಇಬ್ರು. ಒಬ್ರು ಸಾದಾ ಚೀಸ್, ಒಬ್ರು ಆವಕಾಡೊ ತಗೊಂಡು ಅರ್ಧ ಮಾಡಿ ಹಂಚ್ಕೊಳ್ಳಿ. ಚಾಕು ಹಾಕೋದು ಮಾತ್ರ ಕಡ್ಡಿ ತೆಗೆಯೋ ಮುಂಚೆ. ಕಡ್ಡಿಗೆ ಅಂಟಿಕೊಂಡ ಹಾಗೆ, ಒಂದು ಬದಿಯಿಂದ ಕೊಯ್ಯಿರಿ.

ಬನಶಂಕರಿ_ಬಸ್‌ಸ್ಟಾಪ್
ಎಲ್ರಿಗೂ ತುಂಬಾ ಧನ್ಯವಾದ. ನಿಂಗ್ಯೋಚೋ ಅಂತ ತೀರ್ಮಾನ ಮಾಡಿದ್ವಿ, ವಾರದ ದಿನ ತೆರೆಯೋ ಹೊತ್ತಿಗೆ. ದನದ ಮಾಂಸ ತಿನ್ನದವರಿಗೆ ಚಿಕನ್ ಇದೆಯಾ ಅಂತ ಅಂಗಡಿಗೆ ಮೊದಲೇ ಮೆಸೇಜ್ ಮಾಡಿ ಕೇಳ್ತೀನಿ. ಸಸ್ಯಾಹಾರಿ ಗೆಳೆಯ ಟೀಸ್ ತಾನ್‌ತಾನ್ ಕೇಳಿ ಖುಷಿಯಾಗಿದ್ದಾನೆ.

ಸಸ್ಯಾಹಾರಿ_ಪಯಣ
ಅವರಿಗೆ ಒಂದು ಹೇಳಿ: ಕೇಯೊ ಸ್ಟ್ರೀಟ್ ಇರೋದು ಟಿಕೆಟ್ ಗೇಟಿನ ಒಳಗೆ. ನಿಂಗ್ಯೋಚೋದಿಂದ ಮೆಟ್ರೋದಲ್ಲಿ ಬಂದ್ರೆ ಜೆಆರ್ (ಜಪಾನ್ ರೈಲ್ವೆ) ಗೇಟ್ ಬೇರೆಯಾಗಿ ದಾಟಬೇಕು. ಜೆಆರ್ ರೈಲಿನಲ್ಲೇ ಟೋಕಿಯೋ ಸ್ಟೇಷನ್‌ಗೆ ಬಂದು, ಹೊರಗೆ ಹೋಗದೆ ಊಟ ಮುಗಿಸಿದ್ರೆ ಪ್ಲಾಟ್‌ಫಾರಂ ಟಿಕೆಟಿನ ದುಡ್ಡು ಉಳಿಯುತ್ತೆ.